ಕಣ್ಣಿಗೆ ಕಾಣದ ರಫೂ

ರಾಯದುರ್ಗ
6-5-2024

ಗಂಗೋತ್ರಿಗೆ ಅಕ್ಕ ಶ್ರೀಲತಾ ಬರೆಯುವುದು.

ನಾಲ್ಕು ತಿಂಗಳ ಮೇಲೆ ನನ್ನ ಕಾಗದ ಕಂಡು, ಏನೋ ಕೆಲಸ ಬಿದ್ದಿರಬೇಕು ಅಂದುಕೊಂಡಿರುತ್ತೀ. ಬಿದ್ದಿದೆ. ಫೋನಿನಲ್ಲಿ ನೀನು ಹೇಳುವುದು ನನಗೆ ಕೇಳಿಸುವುದಿಲ್ಲ. ಇಪ್ಪತ್ತು ವರ್ಷ ಜೀನ್ಸ್ ಹೊಲಿಯುವ ಮಿಷನ್ನುಗಳ ನಡುವೆ ಕೂತು ಕಿವಿ ಎರಡೂ ಹೋಗಿವೆ. ಮಗಳು ಹರಿತಾಳ ಕೈಲಿ ಹೇಳಿಸಿದರೆ ಅವಳು ಅರ್ಧ ನುಂಗಿಬಿಡುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಶುಕ್ರವಾರ ಸಂಜೆ ಗಾಳಿ ಎದ್ದು, ಪಕ್ಕದ ಓಬುಲೇಶನ ಶೆಡ್ಡಿನ ತಗಡು ಹಾರಿ ಬಂದು ಅಪ್ಪನ ಹೆರಾಲ್ಡ್ ಕಾರಿನ ಮೇಲೆ ಬಿತ್ತು. ಮುಂದಿನ ಗಾಜು ಪುಡಿಪುಡಿ. ಎಡಗಡೆ ಬಾಗಿಲು ಒಳಕ್ಕೆ ನುಗ್ಗಿದೆ. ಮಡಚುವ ಬಟ್ಟೆಯ ಹುಡ್ಡು ನಡುಮಧ್ಯೆ ಒಂದು ಮೊಳ ಹರಿದು, ಒಳಗಿನ ಕಬ್ಬಿಣದ ಕಮಾನು ಬಾಗಿದೆ. ನನ್ನ ಮೈಮೇಲೆ ಬಿದ್ದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಹೋದ ವರ್ಷ ಕಾರಿಗೆ ಬೆಲೆ ಕಟ್ಟಲು ಬಂದವರು, ಅರವತ್ಮೂರನೇ ಇಸವಿಯ ಗಾಡಿಗೆ ಕಾರ್ಖಾನೆಯಲ್ಲಿ ಹೊಲಿದ ಹುಡ್ಡೇ ಇನ್ನೂ ಇರುವುದು ಈ ಸೀಮೆಯಲ್ಲಿ ಇದೊಂದಕ್ಕೇ ಎಂದು ಪಾಲಿಸಿಯಲ್ಲಿ ಹೆಚ್ಚು ಬೆಲೆ ಬರೆಸಿದ್ದರಲ್ಲ, ಈಗ ಅದು ಉಪಯೋಗಕ್ಕೆ ಬರಬೇಕು. ಅಪ್ಪ ಸಾಯುವ ಮುಂಚೆ ಕಾಗದಪತ್ರ ನಿನ್ನ ಹೆಸರಿಗೆ ಮಾಡಿಸಿ, ಕೀಲಿ ನನ್ನ ಕೈಗೆ ಕೊಟ್ಟು ಹೋದ. ನಿನ್ನ ಸಹಿ ಇಲ್ಲದೆ ಕ್ಲೇಮು ಹೊರಡುವುದಿಲ್ಲ. ಫಾರಂ ಇದರೊಳಗಿದೆ.

ಹರಿತಾಳ ಮದುವೆ ಆಗಸ್ಟ್ 22ಕ್ಕೆ ಗೊತ್ತಾಗಿದೆ. ಅವಳ ಅಪ್ಪ ಹೋಗಿ ಆರು ವರ್ಷ. ಎಲ್ಲ ನನ್ನ ತಲೆಯ ಮೇಲೆ. ಕ್ಲೇಮು ಬಂದರೆ ಮಾತ್ರ ಗಾಜು ಮಾಡಿಸಿ, ಕಮಾನು ನೆಟ್ಟಗೆ ಮಾಡಿಸಿ, ಅವಳನ್ನು ಅದರಲ್ಲಿ ಕೂರಿಸಿ ಕಳಿಸಬಹುದು. ನಮ್ಮ ದರ್ಜಿಗಳ ಓಣಿಯಲ್ಲಿ ಅಪ್ಪನ ಕಾರು ಹತ್ತದೆ ಯಾವ ಮದುಮಗಳೂ ಕಲ್ಯಾಣ ಮಂಟಪಕ್ಕೆ ಹೋದದ್ದಿಲ್ಲ. ನಿನಗೆ ಮಕ್ಕಳಿಲ್ಲ, ಈ ತಲೆನೋವು ಹೇಳಿದರೂ ತಿಳಿಯದು.

ಒಂದು ಕೇಳುವುದಿದೆ. ಗಾಜು, ಬಾಗಿಲು ಮೆಕ್ಯಾನಿಕ್ಕಿನ ಕೆಲಸ, ಹಾಗೇ ಬಿಟ್ಟಿದ್ದೇನೆ. ಹುಡ್ಡು ನನ್ನ ಕಸುಬಿಗೆ ಸೇರಿದ್ದು. ಹಾನಿ ನೋಡಲು ವಿಮೆಯ ಸರ್ವೇಯರು ಬರುವ ಮುಂಚೆ ಎಳೆಗೆ ಎಳೆ ಕೂಡಿಸಿ ರಫೂ ಮಾಡಲೇ, ಬೇಡವೇ? ಹರಿದದ್ದನ್ನು ಬಂದವರ ಮುಂದೆ ಹಿಡಿಯಲು ನನಗೆ ನಾಚಿಕೆ. ಹರಿತಾ ಫೋಟೊ ತೆಗೆಯುವಾಗಲೂ ಹುಡ್ಡಿನದು ಬೇಡವೆಂದು ಟಾರ್ಪಾಲು ಎಳೆದುಬಿಟ್ಟೆ. ಅಂಚಿನಲ್ಲಿ ಕಿತ್ತು ಬಂದ ಎರಡು ಬೆರಳಗಲದ ತುಂಡು ಇದರ ಜೊತೆಗಿಟ್ಟಿದ್ದೇನೆ. ಅಪ್ಪನ ಕಾರಿನ ಬಟ್ಟೆ, ಮುಟ್ಟಿ ನೋಡು. ನೀನು ರಿಜಿಸ್ಟ್ರಾರ್ ಕಚೇರಿ ಮುಂದೆ ದಿನವಿಡೀ ಅರ್ಜಿ ಬರೆಯುವವಳು, ಈ ನಿಯಮಗಳೆಲ್ಲ ನಿನಗೆ ಗೊತ್ತಿರುತ್ತವೆ. ರಫೂ ವಿಷಯ ಮರೆಯದೆ ಬರಿ.

ಶ್ರೀಲತಾ


ಮಡಕಶಿರಾ
13-5-2024

ಪ್ರೀತಿಯ ಅಕ್ಕ,

ಫಾರಂಗೆ ಸಹಿ ಹಾಕಿದ್ದೇನೆ, ಎರಡು ಕಡೆ. ಆರ್.ಸಿ. ಮತ್ತು ಪಾಲಿಸಿಯ ಜೆರಾಕ್ಸ್ ಇಟ್ಟಿದ್ದೇನೆ. ಕಂಪನಿಗೆ ಫೋನು ಮಾಡಿ ವಿಚಾರಿಸಿದೆ. ಸರ್ವೇಯರ್ ಈಶ್ವರಯ್ಯ ಎನ್ನುವವರು 23ನೇ ತಾರೀಖು ಗುರುವಾರ ನಿಮ್ಮಲ್ಲಿಗೆ ಬರುತ್ತಾರೆ. ಅವರು ಏನು ಕೇಳಿದರೂ ಬರವಣಿಗೆಯಲ್ಲಿ ಕೊಡು, ಬಾಯಿಮಾತಿಗೆ ಬೆಲೆ ಇಲ್ಲ.

ಇಲ್ಲಿ ಬಿಸಿಲು ಜೋರು. ನಮ್ಮ ಮನೆಯವರು ರೊಳ್ಳದ ಹಿಪ್ಪುನೇರಳೆ ತೋಟಕ್ಕೆ ಹೋಗಿ ನಾಲ್ಕು ದಿನವಾಯಿತು. ಹರಿತಾಳಿಗೆ ಸಂಬಂಧ ಕುದುರಿದ್ದು ಸಂತೋಷ.

ಉಳಿದದ್ದು ನಿನ್ನ ಕೈಯಲ್ಲಿದೆ. ನಿನ್ನ ಕೈಕೆಲಸದ ಬಗ್ಗೆ ನಾನು ಹೇಳುವಂಥದ್ದೇನಿದೆ?

ಗಂಗೋತ್ರಿ


ರಾಯದುರ್ಗ
21-5-2024

ಗಂಗೋತ್ರಿ,

ನೀನು ಬೇಡ ಅನ್ನಲಿಲ್ಲ, ಮಾಡಿಬಿಟ್ಟೆ.

ಏಳು ದಿನ ಹಿಡಿಯಿತು. ಅಂಗಡಿಯ ನೂಲು ಯಾವುದೂ ಬಣ್ಣಕ್ಕೆ ಹೊಂದಲಿಲ್ಲ. ಹುಡ್ಡಿನ ಒಳಮಡಿಕೆ ಬಿಚ್ಚಿ, ಬಿಸಿಲು ಕಾಣದ ಆ ಜಾಗದಿಂದ ಎಳೆ ತೆಗೆದು, ಮೂರು ದಿನ ಮಾಳಿಗೆಯ ಮೇಲೆ ಒಣಹಾಕಿ ಬಣ್ಣ ಇಳಿಸಿದೆ. ಆಮೇಲೆ ಅಡ್ಡ ಒಂದೆಳೆ, ಉದ್ದ ಒಂದೆಳೆ, ನೇಕಾರ ನೇಯ್ದ ಹಾಗೆ. ಕೊನೆಯ ದಿನ ಎಡಗಣ್ಣು ಮಂಜಾಗಿ ಬಲಗಣ್ಣಲ್ಲೇ ಮುಗಿಸಿದೆ. ಹರಿತಾಳನ್ನು ಕರೆದು ಎಲ್ಲಿ ಹರಿದಿತ್ತು ತೋರಿಸು ಅಂದೆ. ಬೆರಳು ಆಡಿಸಿದಳು, ಆಡಿಸಿದಳು, ಸಿಗಲಿಲ್ಲ. ಅಪ್ಪ ಇದ್ದಿದ್ದರೆ ತಾನೇ ಚಹಾ ಮಾಡಿ ಕೊಡುತ್ತಿದ್ದ.

ಸರ್ವೇಯರು ಬರಲಿ. ನಮ್ಮ ಮನೆಯಲ್ಲಿ ವಸ್ತುವನ್ನು ಹೇಗೆ ಇಟ್ಟುಕೊಳ್ಳುತ್ತೇವೆ ಅನ್ನುವುದು ಅವರಿಗೂ ತಿಳಿಯಲಿ.

ಅಕ್ಕ


ರಾಯದುರ್ಗ
24-5-2024

ಗಂಗೋತ್ರಿ,

ಈಶ್ವರಯ್ಯ ನಿನ್ನೆ ಬಂದು ಹೋದರು. ಗಟ್ಟಿಯಾಗಿ ಮಾತಾಡುವ ಮನುಷ್ಯ, ನನಗೂ ಕೇಳಿಸಿತು.

ಗಾಜು ನೋಡಿದರು, ಬಾಗಿಲು ನೋಡಿದರು, ಬರೆದುಕೊಂಡರು. ಸೀಟು ಚೆನ್ನಾಗಿವೆ ಅಂದಾಗ ನಾನೇ ಹೊಲಿದದ್ದು ಎಂದೆ. ಹಳೆಯದನ್ನು ತೆಗೆದು ಹೊಸದು ಹಾಕಿದರೆ ಇಂಥ ಕಾರಿನ ಬೆಲೆ ಇಳಿಯುತ್ತದಂತೆ, ಗೆರೆ ಎಳೆದು ಕಡಿಮೆ ಮಾಡಿದರು. ಕಾಲಡಿಯ ಚಾಪೆ, ಬಾಗಿಲ ಒಳಬಟ್ಟೆ, ನಾನು ಹೆಮ್ಮೆಯಿಂದ ತೋರಿಸಿದ್ದಕ್ಕೆಲ್ಲ ಗೆರೆ ಬಿತ್ತು. ಇರಲಿ, ಕಾರಿನ ಅರ್ಧ ಬೆಲೆ ಹುಡ್ಡಿನದೇ ಎಂದು ಸುಮ್ಮನಿದ್ದೆ.

ಆಮೇಲೆ ಹುಡ್ಡು ಎಲ್ಲಿ ಹರಿದಿದೆ ಎಂದು ಕೇಳಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ, ನೀವೇ ಹುಡುಕಿ ಅಂದೆ. ಒಳಗಿಂದ, ಹೊರಗಿಂದ, ಬಿಸಿಲಿಗೆ ಹಿಡಿದು, ಹತ್ತು ನಿಮಿಷ ನೋಡಿದರು. ನನಗೆ ಒಳಗೊಳಗೇ ನಗು. ಅವರು ಪುಸ್ತಕ ಮುಚ್ಚಿ, “ಹರೀಲಾರದ್ದಕ್ಕ ನಾ ಏನಂತ ಬರೀಲ್ರಿ ಅಮ್ಮ?” ಅಂದರು.

ರಫೂ ಮಾಡಿದ್ದೇನೆ ಎಂದು ತಿಳಿಸಿ ಹೇಳಿದೆ. ನೋಡುವ ಮುಂಚೆ ಯಾಕೆ ಮುಟ್ಟಿದಿರಿ ಎಂದು ಗದರಿದರು. ಫೋಟೊ ಇದೆಯೇ ಅಂದರು, ಇಲ್ಲ. ಕಮಾನು ಬಾಗಿದ್ದು ಬಟ್ಟೆ ಹರಿದದ್ದಕ್ಕೆ ಸಾಕ್ಷಿಯಾಗುವುದಿಲ್ಲವಂತೆ. ಹುಡ್ಡು ಹರಿದದ್ದು ಸುಳ್ಳು ಎಂದಾದರೆ ಇಡೀ ಕ್ಲೇಮೇ ಸುಳ್ಳಾಗುತ್ತದಂತೆ, ಗಾಜಿಗೂ ಏನೂ ಬರುವುದಿಲ್ಲವಂತೆ. ನಿನಗೆ ಈ ನಿಯಮ ಗೊತ್ತಿರಲಿಲ್ಲವೇ?

ನಾನು ಕಳಿಸಿದ ತುಂಡು ನಿನ್ನ ಬಳಿ ಇದೆ. ಅದರ ಅಂಚಿಗೆ ತಗಡಿನ ತುಕ್ಕು ಹತ್ತಿದೆ. ನನ್ನ ಮೊದಲ ಕಾಗದವನ್ನೂ ಆ ತುಂಡನ್ನೂ ತಕ್ಷಣ ಕಳಿಸು.

ಅಕ್ಕ


ರಾಯದುರ್ಗ
5-6-2024

ಗಂಗೋತ್ರಿ,

ಹನ್ನೆರಡು ದಿನವಾಯಿತು. ಪೋಸ್ಟಿನವನು ನನ್ನನ್ನು ಕಂಡರೆ ಆಚೆ ಬದಿಯಿಂದ ಹೋಗುತ್ತಾನೆ.

ತುಂಡು ಸಿಗದಿದ್ದರೆ ಒಂದು ಕಾಗದವನ್ನಾದರೂ ಬರೆದು ಕೊಡು. ನಿನ್ನ ಹೆಸರಿನ ಕಾರು, ನಿನ್ನ ಮಾತು ನಡೆಯುತ್ತದೆ. ನನ್ನ ರಫೂ ಕಣ್ಣಿಗೆ ಕಾಣುವುದಿಲ್ಲ ಅನ್ನುವುದಕ್ಕೆ ನಿನಗಿಂತ ಸಾಕ್ಷಿ ಬೇಕೇ? ನಿನ್ನ ಮದುವೆ ದಿನ ಇದೇ ಹುಡ್ಡು ಹರಿದಿತ್ತಲ್ಲ. ಹರಿದ ಗಾಡಿಯಲ್ಲಿ ನಿನ್ನನ್ನು ಕೂರಿಸಬಾರದೆಂದು ಮನಸ್ಸಿಲ್ಲದ ಮನಸ್ಸಿನಿಂದ ಆಟೋದಲ್ಲಿ ಕಳಿಸಿದೆ. ಆಮೇಲೆ ಅದನ್ನೂ ನಾನೇ ರಫೂ ಮಾಡಿದ್ದು. ಇವತ್ತು ಅದರ ಗುರುತೂ ಇಲ್ಲ. ಇದನ್ನೇ ಈಶ್ವರಯ್ಯನವರಿಗೆ ಬರಿ, ಸಾಕು.

ಹರಿತಾ ಊಟ ಸರಿಯಾಗಿ ಮಾಡುತ್ತಿಲ್ಲ. ಗಂಡಿನ ಕಡೆಯವರ ಮುಂದೆ ಕಾರಿನ ಮಾತು ಆಡಿಬಿಟ್ಟಿದ್ದೇನೆ.

ಅಕ್ಕ


ಮಡಕಶಿರಾ
14-6-2024

ಅಕ್ಕನಿಗೆ,

ನಿನ್ನ ಮೂರೂ ಕಾಗದ ತಲುಪಿವೆ. ನನ್ನ ಮದುವೆ ದಿನದ ವಿಷಯ ಬರೆದದ್ದನ್ನು ಎರಡು ಸಲ ಓದಿದೆ. ಇಷ್ಟು ವರ್ಷವಾದರೂ ನಿನಗೆ ನೆನಪಿದೆಯಲ್ಲ ಎಂದು ಆಶ್ಚರ್ಯವಾಯಿತು.

ತುಂಡನ್ನು ಎಲ್ಲಿಟ್ಟೆನೋ ನೋಡಬೇಕು. ಶಾಲೆ ಶುರುವಾಗಿದೆ, ಆದಾಯ ಪತ್ರ, ಜಾತಿ ಪತ್ರ ಎಂದು ಬೆಳಗಿನಿಂದ ಜನ ಸಾಲು ನಿಲ್ಲುತ್ತಾರೆ.

ನನ್ನ ಅನುಭವ ಹೇಳುತ್ತೇನೆ. ಕಚೇರಿಯವರು ಕಣ್ಣಿಗೆ ಕಾಣದ್ದನ್ನು ನಂಬುವುದಿಲ್ಲ. ಹರಿದದ್ದು ಕಾಣಬೇಕು. ಹೇಗೆ ಎಂಬುದು ನಿನ್ನ ಕಸುಬಿಗೆ ಬಿಟ್ಟದ್ದು.

ಗಂಗೋತ್ರಿ


ರಾಯದುರ್ಗ
20-6-2024

ಗಂಗೋತ್ರಿ,

ನೀನು ಹೇಳಿದ್ದು ಸರಿ ಅನ್ನಿಸಿತು. ರಫೂ ಬಿಚ್ಚಿದೆ.

ನಲವತ್ತು ವರ್ಷದಲ್ಲಿ ನನ್ನ ಕೈಯ ಕೆಲಸವನ್ನು ನಾನೇ ಬಿಚ್ಚಿದ್ದು ಇದೇ ಮೊದಲು. ಎಳೆ ಎಲ್ಲಿ ಸೇರಿದೆ ಎಂದು ನನಗೇ ಕಾಣಲಿಲ್ಲ. ಬಾಗಿಲ ಹತ್ತಿರ ಹುಡ್ಡು ಹರಡಿಕೊಂಡು, ಸೂಜಿ ಮೊನೆಯಲ್ಲಿ ತಡಕಿ, ಎರಡು ದಿನ ಒಂದೊಂದೇ ಎಳೆ ಎತ್ತಿದೆ. ಬಾರದ ಕಡೆ ಬ್ಲೇಡು ತಾಗಿಸಿದೆ. ತುದಿಯಲ್ಲಿ ಒಂದು ಅಂಗುಲ ಹಟ ಹಿಡಿದು ಕೂತಿತು, ಬಿಟ್ಟುಬಿಟ್ಟೆ. ಬೆರಳ ತುದಿಯೆಲ್ಲ ಸೀಳಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಹರಿತಾ ನೋಡಲಾರದೆ ಒಳಗೆ ಹೋಗಿ ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಈಗ ಒಂದು ಮೊಳ ಹರಿದದ್ದು ಯಾರಿಗಾದರೂ ಕಾಣುತ್ತದೆ. ಈಶ್ವರಯ್ಯನವರಿಗೆ ಮತ್ತೊಮ್ಮೆ ಬನ್ನಿ ಎಂದು ಹೇಳಿ ಕಳಿಸಿದ್ದೇನೆ.

ಅಕ್ಕ


ರಾಯದುರ್ಗ
3-7-2024

ಗಂಗೋತ್ರಿ,

ಬಂದರು. ಜೇಬಿನಿಂದ ಭೂತಗನ್ನಡಿ ತೆಗೆದು ಒಂದೊಂದು ಅಂಚನ್ನೂ ನೋಡಿದರು. ತಗಡು ಹರಿದಿದ್ದರೆ ಎಳೆ ಜಗ್ಗಿ ಉದ್ದುದ್ದ ನಿಲ್ಲಬೇಕು, ಇಲ್ಲಿ ಕತ್ತರಿಸಿದ ಹಾಗಿದೆ, ಇದು ಬ್ಲೇಡಿನ ಕೆಲಸ ಅಂದರು. ಹೌದು, ನಾನೇ ಬಿಚ್ಚಿದ್ದು ಅಂದೆ. ನಿಮಗೆ ಕಾಣಲಿ ಎಂದೇ ಬಿಚ್ಚಿದೆ ಅಂದೆ. ಅವರು ನನ್ನ ಮುಖ ನೋಡಲಿಲ್ಲ. “ಮೇ ತಿಂಗಳಾಗ ಸರಿ ಇದ್ದಿದ್ದನ್ನ ನಾ ಕಣ್ಣಾರೆ ನೋಡೀನ್ರಿ. ನಂಗೂ ನೌಕ್ರಿ ಐತಿ” ಅಂದರು. ಓಣಿಯ ಜನ ನಿಂತು ಕೇಳುತ್ತಿದ್ದರು. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಸುಳ್ಳಿ ಅಂದಿರಲಿಲ್ಲ.

ತುಂಡಿನ ವಿಷಯ ಹೇಳಿದೆ. ಹಾಗಿದ್ದರೆ ಮಾಲೀಕರೇ ಕೊಡಲಿ, ಅವರಿಗೆ ಪ್ರಶ್ನೆ ಬರೆದು ಕಳಿಸುತ್ತೇನೆ, ಅವರ ಉತ್ತರವೇ ಕೊನೆ ಎಂದು ಹೇಳಿ ಹೋದರು.

ಈಗ ಎಲ್ಲ ನಿನ್ನ ಕೈಯಲ್ಲಿ. ನಾನು ನಿನಗಿಂತ ಹತ್ತು ವರ್ಷ ದೊಡ್ಡವಳು. ಅಮ್ಮ ಸತ್ತ ಮೇಲೆ ನಿನ್ನ ಜಡೆ ಹಾಕಿದವಳು ನಾನು. ಕೈಮುಗಿದು ಕೇಳುತ್ತೇನೆ, ಇದ್ದದ್ದನ್ನು ಇದ್ದ ಹಾಗೆ ಬರೆದುಬಿಡು.

ಅಕ್ಕ


ಮಡಕಶಿರಾ
15-7-2024

ಶ್ರೀಲತಾ ಅವರಿಗೆ,

ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ. ಅದರ ನಕಲು ಬೇಕಿಲ್ಲ, ಇಲ್ಲೇ ಹೇಳುತ್ತೇನೆ.

ಹುಡ್ಡು ಹರಿದದ್ದನ್ನು ನೀವು ಕಣ್ಣಾರೆ ನೋಡಿದ್ದೀರಾ ಎಂದು ಮೊದಲು ಕೇಳಿದ್ದರು. ಇಲ್ಲ ಎಂದು ಬರೆದೆ.

ಈ ಹಿಂದೆ ಹುಡ್ಡು ಹರಿದು ರಫೂ ಆಗಿತ್ತೇ ಎಂದು ಕೇಳಿದ್ದರು. ಇದಕ್ಕೆ ಸ್ವಲ್ಪ ಉದ್ದ ಬರೆದೆ. 2010ರ ಮೇ ತಿಂಗಳಲ್ಲಿ ನನ್ನ ಮದುವೆ. ಹುಡ್ಡು ಹರಿದಿದೆ ಎಂದು ನನ್ನ ಅಕ್ಕ ಹೇಳಿ, ಗುಮ್ಮಘಟ್ಟದ ಶೇರ್ ಆಟೋ ತಂದು ನಿಲ್ಲಿಸಿದರು. ಆಟೋದ ಹಿಂದುಗಡೆ ಸಂತೆಗೆ ಹೊರಟ ಎರಡು ಕುರಿ ಕಟ್ಟಿದ್ದವು. ಒಂದು ಕುರಿ ನನ್ನ ಜಡೆಯ ಮಲ್ಲಿಗೆಯನ್ನು ತಿಂದಿತು. ರೈಲ್ವೆ ಗೇಟಿನಲ್ಲಿ ಆಟೋ ನಿಂತಿತು. ಗೇಟು ತೆಗೆದಾಗ ಎದುರಿನಿಂದ ಹೂವು ಕಟ್ಟಿದ ಹೆರಾಲ್ಡ್ ಬಂತು. ಬಿಸಿಲೆಂದು ಹುಡ್ಡು ಏರಿಸಿದ್ದರು. ಒಳಗೆ ಬಳ್ಳಾರಿಯ ಜೀನ್ಸ್ ಯಜಮಾನರ ಮಗಳು ಮದುಮಗಳಾಗಿ ಕೂತಿದ್ದಳು. ಕಾರು ಕೈಗೆ ಎಟಕುವಷ್ಟು ಹತ್ತಿರ ಹೋಯಿತು. ನಾನು ಹುಡ್ಡಿನ ಮೇಲೆ ಹರಿದ ಜಾಗಕ್ಕಾಗಿ ಹುಡುಕಿದೆ, ನಿಮ್ಮ ಈಶ್ವರಯ್ಯನವರು ಹುಡುಕಿದ ಹಾಗೆಯೇ. ಒಂದು ಗೀರೂ ಇರಲಿಲ್ಲ. ಆ ದಿನವೂ ಕಾಗದದ ಪ್ರಕಾರ ಆ ಕಾರು ನನ್ನದೇ.

ಇಷ್ಟು ಬರೆದು ಕೊನೆಗೆ, ಹುಡ್ಡು ಹರಿದಿದೆ ಎಂದು ಹೇಳುವುದು ನನ್ನ ಅಕ್ಕನಿಗೆ ಹೊಸದಲ್ಲ ಎಂದು ಸೇರಿಸಿ ಸಹಿ ಹಾಕಿದೆ.

ಬಟ್ಟೆಯ ತುಂಡು ಇದ್ದರೆ ಲಗತ್ತಿಸಿ ಎಂದೂ ಇತ್ತು. ಆ ಜಾಗವನ್ನು ಖಾಲಿ ಬಿಟ್ಟೆ. ಮೇ ತಿಂಗಳಲ್ಲಿ ನಿಮ್ಮ ರಫೂ ಪ್ರಶ್ನೆಗೂ ಹಾಗೇ ಬಿಟ್ಟಿದ್ದೆ. ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು.

ಕ್ಲೇಮು ತಿರಸ್ಕಾರವಾಗಿದೆ.

ಗಂಗೋತ್ರಿ


ರಾಯದುರ್ಗ
23-7-2024

ಗಂಗೋತ್ರಿ,

ಹೌದು, ಆವತ್ತು ಕಾರನ್ನು ಜೀನ್ಸ್ ಯಜಮಾನರಿಗೆ ಕೊಟ್ಟೆ. ನಿನ್ನ ಮದುವೆ ಖರ್ಚಿಗಾಗಿ ಕೊಟ್ಟೆ ಎಂದು ಬರೆದರೆ ನಿನ್ನ ಮನಸ್ಸು ಕರಗೀತು, ಆದರೆ ಅದು ನಿಜವಲ್ಲ. ಅವರು ಆರು ತಿಂಗಳ ಹೊಲಿಗೆ ಕೆಲಸ ಕೊಡುತ್ತೇನೆಂದರು. ನನಗೆ ಅದು ಬೇಕಾಗಿತ್ತು. ನೀನು ಹೇಗೂ ಊರು ಬಿಟ್ಟು ಹೋಗುವವಳು, ಒಂದು ದಿನ ಅತ್ತು ಮರೆಯುತ್ತೀ ಅಂದುಕೊಂಡೆ. ನೀನು ಗೇಟಿನಲ್ಲಿ ನೋಡಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಕಾಲಿಗೆ ಬೀಳುತ್ತಿದ್ದೆನೋ ಏನೋ, ಬಹುಶಃ ಇನ್ನೊಂದು ಸುಳ್ಳು ಹೇಳುತ್ತಿದ್ದೆ.

ಹದಿನಾಲ್ಕು ವರ್ಷ ಹಬ್ಬಕ್ಕೆ ಬಂದೆ, ನಾನು ಬಡಿಸಿದ್ದು ಉಂಡೆ, ನಾನು ಹೊಲಿದ ರವಿಕೆ ತೊಟ್ಟೆ. ಒಂದು ದಿನವಾದರೂ ಬೈಯಬಾರದಿತ್ತೇ?

ನಿನ್ನೆ ಯಾರೋ ಬಂದು ಕಾರಿನ ಅಳತೆ ತೆಗೆದುಕೊಂಡು ಹೋದರು. ಮಡಕಶಿರಾದ ಮಾಲೀಕರು ಕಳಿಸಿದ್ದು ಎಂದರು. ಮಾರುವ ಹಕ್ಕು ನಿನಗಿದೆ, ನಾನು ಅಡ್ಡ ಬರುವುದಿಲ್ಲ. ಆಗಸ್ಟ್ 22 ದಾಟಲಿ ಅಷ್ಟೇ. ಗಾಜು ಇಲ್ಲದಿದ್ದರೂ ಚಿಂತೆಯಿಲ್ಲ, ಇಂಜಿನು ಬೇಡ, ಮಂಟಪಕ್ಕೆ ಮೂರು ಫರ್ಲಾಂಗು, ಓಣಿಯವರು ತಳ್ಳಿಕೊಂಡು ಹೋಗುತ್ತೇವೆ ಅಂದಿದ್ದಾರೆ. ಹುಡ್ಡಿನ ಮೇಲೆ ನನ್ನ ಸೀರೆ ಹೊದಿಸುತ್ತೇನೆ.

ಹರಿತಾ ನಿನಗೇನೂ ಮಾಡಿಲ್ಲ. ಆವತ್ತು ಆ ಆಟೋದಲ್ಲಿ ನಿನ್ನ ತೊಡೆಯ ಮೇಲೆ ಕೂತಿದ್ದ ಹತ್ತು ವರ್ಷದ ಮಗು ಅವಳು. ಚಿಕ್ಕಮ್ಮ ಯಾಕೆ ಅಳುತ್ತಾಳೆ ಎಂದು ಮನೆಗೆ ಬಂದು ನನ್ನನ್ನು ಕೇಳಿದ್ದಳು. ಶಿಕ್ಷೆ ನನಗೆ ಕೊಡು.

ಶ್ರೀಲತಾ


ಮಡಕಶಿರಾ
16-8-2024
(ರಿಜಿಸ್ಟರ್ಡ್ ಪೋಸ್ಟ್)

ಅಕ್ಕ,

ಕಾರು ಮಾರಿದ್ದೇನೆ. ಹಿಂದೂಪುರದಲ್ಲಿ ಹಳೆಯ ಕಾರುಗಳನ್ನು ಕೂಡಿಡುವ ಪಾಲಯ್ಯ ಎಂಬುವರು ಕೊಂಡಿದ್ದಾರೆ. 21ನೇ ತಾರೀಖು ಬುಧವಾರ ಲಾರಿ ತಂದು ಏರಿಸಿಕೊಂಡು ಹೋಗುತ್ತಾರೆ. ಕೀಲಿ ಅವರ ಕೈಗೆ ಕೊಡು. ಒಂದು ದಿನ ತಡೆಯಿರಿ ಎಂದು ನಾನು ಹೇಳಬಹುದಿತ್ತು, ಹೇಳಲಿಲ್ಲ.

ಪಾಲಯ್ಯನವರು ಒಂದು ಮಾತು ಹೇಳಿದರು, ನಿನಗೆ ತಿಳಿಯಲಿ ಎಂದು ಬರೆಯುತ್ತೇನೆ. ನೀನು ಬಿಚ್ಚಲಾಗದೆ ಬಿಟ್ಟ ಒಂದು ಅಂಗುಲವನ್ನು ಅವರ ಕಡೆಯ ಮನುಷ್ಯ ಗುರುತು ಹಿಡಿದನಂತೆ. ಹಳೆಯ ಕಾರಿಗೆ ಇಂಥ ರಫೂ ಇದ್ದರೆ ಬೆಲೆ ಇಳಿಯುವುದಿಲ್ಲವಂತೆ. “ಆ ಕೈ ಯಾರ್ದಮ್ಮ, ಬಿಚ್ದೆ ಇದ್ದಿದ್ರೆ ಕೇಳಿದ್ದಷ್ಟು ಕೊಡ್ತಿದ್ದೆ” ಅಂದರು. ಯಾರದೋ ಗೊತ್ತಿಲ್ಲ ಎಂದೆ.

ನನಗೆ ಈಗ ಸಮಾಧಾನವಾಗಿದೆಯೇ ಎಂದು ನೀನು ಕೇಳುತ್ತೀ. ಆಗಿಲ್ಲ. ಆಗುತ್ತದೆ ಅಂದುಕೊಂಡಿದ್ದೆ. ಹರಿತಾ ನನ್ನ ತೊಡೆಯ ಮೇಲೆ ಕೂತಿದ್ದು ನೆನಪಿದೆ. ಕುರಿಯನ್ನು ಓಡಿಸಲು ಅವಳು ಪುಟ್ಟ ಕೈ ಬೀಸುತ್ತಿದ್ದಳು. ಅದನ್ನು ನೆನೆದು ಎರಡು ದಿನ ಈ ಕಾಗದ ಬರೆಯದೆ ಕೂತೆ. ಮೂರನೆಯ ದಿನ ಬರೆದೆ.

ಮದುವೆಗೆ ನಾನು ಬರುವುದಿಲ್ಲ. ಹುಡುಗಿ ಮಂಟಪಕ್ಕೆ ಹೋಗಲು ಒಂದು ಗಾಡಿ ಗೊತ್ತು ಮಾಡಿದ್ದೇನೆ, ಬಾಡಿಗೆ ನಾನೇ ಕಳಿಸಿದ್ದೇನೆ. ಗುಮ್ಮಘಟ್ಟದ ಸುಂಕಪ್ಪ, ನನ್ನ ಮದುವೆಗೆ ನೀನು ಕರೆಸಿದ್ದ ಆಟೋದವನೇ. ವಯಸ್ಸಾಗಿದೆ, ಆದರೂ ಓಡಿಸುತ್ತಾನೆ. ಗುರುವಾರ ಬೆಳಿಗ್ಗೆ ಏಳಕ್ಕೆ ಬಾಗಿಲಿಗೆ ಬರುತ್ತಾನೆ. ಆವತ್ತು ರಾಯದುರ್ಗದ ಕಡೆ ಕುರಿ ಸಾಗಿಸುವುದಿದೆ, ಹಾಗೇ ಕರೆದುಕೊಂಡು ಬರಲೇ ಎಂದು ಕೇಳಿದ. ನಿನ್ನ ಇಷ್ಟ ಎಂದೆ.

ನೀನು ಕಳಿಸಿದ್ದ ತುಂಡು ಇದರೊಳಗಿದೆ. ಎಲ್ಲೂ ಕಳೆದಿರಲಿಲ್ಲ, ಮೊದಲ ದಿನದಿಂದ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಅಂಚಿಗೆ ತಗಡಿನ ತುಕ್ಕು ಇನ್ನೂ ಹಾಗೇ ಇದೆ.

ಹರಿತಾ ಬಾಗಿಲಿಗೆ ಬಂದು ಕಾರು ಎಲ್ಲಿ ಎಂದು ಕೇಳುತ್ತಾಳೆ. ಹುಡ್ಡು ಹರಿದಿದೆ ಎಂದು ಹೇಳು. ಈ ಸಲ ಅದು ನಿಜ.

ಗಂಗೋತ್ರಿ